ಕುಡಿಯಲು ಯೋಗ್ಯ

"ಕೈ ಹಾಕಬೇಡಿ! ಬೊಬ್ಬೆ ಏಳುತ್ತೆ!"

ಏರಿಯ ಮೇಲಿಂದ ಸುಚಿತ್ರಾ ಕಿರುಚಿದಳು. ತೂಬಿನ ಬಳಿ ಬಗ್ಗಿದ್ದ ಯುವಕ ತಲೆಯೆತ್ತಿದ.

"ನಾನು ಮುಟ್ಟದೆ ಹೋದ್ರೆ ಈ ನೀರಿನ ಸಂಕಟ ಯಾರಿಗೆ ಗೊತ್ತಾಗುತ್ತೆ ಕಣ್ರೀ?"

ಹಾಗೆಂದವನೇ ನೊರೆಯನ್ನು ಸರಿಸಿ, ಮೊಣಕೈವರೆಗೆ ತೋಳು ಮುಳುಗಿಸಿ ಬಾಟಲಿ ತುಂಬಿದ!

ಸುಚಿತ್ರಾ ದಂಗಾದಳು. ಹಳ್ಳದ ಮೇಲ್ಭಾಗದಲ್ಲಿ ಹೊಸ ಕಾರ್ಖಾನೆಗಳೆದ್ದ ಮೇಲೆ ಮಾರೇಹಳ್ಳ ಜಲಾಶಯಕ್ಕೆ ಎಷ್ಟೋ ಸಾಹೇಬರು ಬಂದಿದ್ದರು. ಎಲ್ಲರೂ ಮೂಗಿಗೆ ಕರ್ಚೀಫು ಹಿಡಿದು ಏರಿ ಮೇಲೇ ನಿಂತು ಹೋದವರು. ನೀರಿಗಿಳಿದವನು ಇವನೊಬ್ಬನೇ...

ಹೆಸರು ಮಧುಕುಮಾರ್. ಚನ್ನಪಟ್ಟಣದವನು, ನೀರು ಪರೀಕ್ಷೆಯ ಲ್ಯಾಬಿನಲ್ಲಿ ಗುತ್ತಿಗೆ ನೌಕರ.

"ಈ ರಿಪೋರ್ಟ್ ನೋಡಿಯೇ ಏಳು ಹಳ್ಳಿಗೆ ನಲ್ಲಿ ಬಿಡೋದೋ ಬೇಡವೋ ತೀರ್ಮಾನ ಮಾಡ್ತಾರೆ."

"ಬಿಡಬಾರದು! ನಾನು ಅಂಗನವಾಡಿ ಟೀಚರ್. ನನ್ನ ಮಕ್ಕಳಿಗೆ ಈ ನೀರು ಕುಡಿಸೋಕಾಗಲ್ಲ."

"ನನ್ನ ನಂಬಿ," ಎಂದ ಅವನು. ಅವಳು ನಂಬಿದಳು. ನಂಬಿಕೆಯ ಜೊತೆಗೆ ಇನ್ನೇನೋ ಎದೆಯೊಳಗೆ ಅಲುಗಾಡಿತು...

ಸುಚಿತ್ರಾಳ ಮನೆ ಏರಿಯ ಪಕ್ಕದಲ್ಲೇ. ಅವಳ ತಾಯಿ ನಾಗಲಕ್ಷ್ಮಮ್ಮ ಅವನನ್ನು ದಾರಿಯಲ್ಲೇ ತಡೆದಳು.

"ಉಣ್ಣೋ ಹೊತ್ನಲ್ಲಿ ಬಂದೋರ್ನ ಬರಿಹೊಟ್ಟೇಲಿ ಕಳ್ಸೋ ಮನೆಯಲ್ಲ ಇದು. ಬಾಪ್ಪ, ಒಸಿ ಮುದ್ದೆ ಉಂಡೋಗು."

"ಬಾಟ್ಲಿಗೆ ಸೀಲ್ ಹಾಕೋದು ಬಾಕಿ ಇದೆ ಅಮ್ಮಾ..."

"ಬಾಟ್ಲಿ ಎಲ್ಲಿಗೆ ಓಡೋಯ್ತದೆ? ಜಗಲಿ ಮೇಲಿಡು."

ಅವನು ಇಟ್ಟ. ಒಳಗೆ ಸುಚಿತ್ರಾ ಬಡಿಸಿದಳು. ಬಸ್ಸಾರಿನ ಖಾರಕ್ಕೆ ಅವನ ಕಣ್ಣಲ್ಲಿ ನೀರು, ಅದನ್ನು ನೋಡಿ ಅವಳಿಗೆ ನಗು. ಆಮೇಲೆ ಬಸ್ಸಿನ ಹಾರನ್ ಕೇಳಿದ್ದೇ ಅವನು ಅವಸರದಲ್ಲಿ ಬಾಟಲಿಗೆ ಸೀಲು ಹಾಕಿ, ಡಬ್ಬದಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಮುಂದಿನ ತಿಂಗಳು ರಿಪೋರ್ಟ್ ಬಂತು. 'ಕುಡಿಯಲು ಯೋಗ್ಯ.'

ವಿಷಕ್ಕೆ ಸರ್ಕಾರಿ ಮೊಹರು ಬಿದ್ದಿತ್ತು! ಸತ್ತ ಮೀನು ದಡದಲ್ಲಿ ಕೊಳೆಯುತ್ತಿದ್ದರೂ ಕಾಗದ ಮಾತ್ರ ಘಮಘಮ ಅನ್ನುತ್ತಿತ್ತು.

ಅದೇ ವಾರ ಮಧು ಮತ್ತೆ ಅವಳ ಊರಿಗೆ ಬಂದ. ಸುಚಿತ್ರಾ ಬಸ್ ಸ್ಟ್ಯಾಂಡಿನಲ್ಲೇ ಅವನಿಗೆ ಅಡ್ಡ ನಿಂತಳು.

"ಯಾವ ಫ್ಯಾಕ್ಟರಿಗೆ ಮಾರಿಕೊಂಡ್ರಿ ನಿಮ್ಮನ್ನ? ನಮ್ಮ ಮನೆ ಅನ್ನ ಉಂಡು ನಮಗೇ ಮಣ್ಣು ಹಾಕಿದ್ರಲ್ಲ!"

ಅವನು ಬಾಯಿ ತೆರೆದ. ಅವಳ ಹಿಂದೆ ಬಂದು ನಿಂತಿದ್ದ ನಾಗಲಕ್ಷ್ಮಮ್ಮನ ಮುಖ ಕಂಡು ಮತ್ತೆ ಮುಚ್ಚಿದ. ಅದೇ ಬಸ್ಸಿನಲ್ಲಿ ವಾಪಸ್ಸು ಹೋದ.

'ಮಾತಾಡೋಕೆ ಮುಖ ಎಲ್ಲಿದೆ ಅವನಿಗೆ?' ಸುಚಿತ್ರಾ ದಾರಿಯುದ್ದಕ್ಕೂ ಅತ್ತಳು. ಅರ್ಜಿ, ಧರಣಿ, ಕಾಲು ಹಿಡಿಯುವುದು... ಮಾಡದಿದ್ದದ್ದೇ ಇಲ್ಲ. ಎಲ್ಲರದೂ ಒಂದೇ ಉತ್ತರ, "ರಿಪೋರ್ಟ್ ಇದೆಯಲ್ಲಮ್ಮ."

ನಲ್ಲಿ ಬಿಡುವ ಹಿಂದಿನ ದಿನ ಪರೀಕ್ಷೆಗೆಂದು ಅಂಗನವಾಡಿಯ ನಲ್ಲಿ ತಿರುಗಿಸಿದರು. ಸುಚಿತ್ರಾ ಲೋಟ ತುಂಬಿಕೊಂಡಳು.

"ಮಕ್ಕಳಿಗಿಂತ ಮುಂಚೆ ನಾನೇ ಕುಡೀತೀನಿ. ಬಿದ್ರೆ ನಾನೇ ಬೀಳ್ತೀನಿ!"

"ಬ್ಯಾಡ ಕಣವ್ವಾ!" ನಾಗಲಕ್ಷ್ಮಮ್ಮ ಓಡಿ ಬಂದು ಲೋಟಕ್ಕೆ ಹೊಡೆದಳು. "ಆ ಹುಡುಗ ಪರೀಕ್ಷೆ ಮಾಡಿದ್ದು ಈ ನೀರಲ್ಲ! ನೀವು ಒಳಗೆ ಉಣ್ತಿದ್ದಾಗ ಬಾಟ್ಲಿ ನೀರ ಚೆಲ್ಲಿ, ಬೋರ್ ನೀರ ತುಂಬ್ಬುಟ್ಟೆ..."

ಸುಚಿತ್ರಾ ತಾಯಿಯ ತೋಳು ಹಿಡಿದಳು. "ಯಾಕವ್ವಾ?"

"ಈ ಊರಿನ ನೀರು ಕುಡ್ದೋಳ್ಗೆ ಮಕ್ಕಳಾಗಕ್ಕಿಲ್ಲ ಅಂತ ನಿನ್ನ ಎರಡು ಸಂಬಂಧ ವಾಪಸ್ ಹೋದ್ವಲ್ಲೇ! ಸರ್ಕಾರವೇ ಕೆಟ್ಟ ನೀರು ಅಂದ್ಬುಟ್ರೆ ಇನ್ಯಾರು ಬತ್ತಾರೆ? ನಲ್ಲಿಗೂ ಇದಕ್ಕೂ ಗಂಟೈತೆ ಅಂತ ಆವತ್ತು ನಂಗೇನು ಗೊತ್ತಿತ್ತು? ಆಮ್ಯಾಕೆ ಹೇಳಕ್ಕೆ ಹೆದ್ರಿಕೆ ಆಯ್ತು."

ಸುಚಿತ್ರಾ ಸಿಕ್ಕ ಬಸ್ಸು ಹತ್ತಿ ಲ್ಯಾಬಿಗೆ ಹೋದಳು. ಮಧುವನ್ನು ಕೆಲಸದಿಂದ ತೆಗೆದಿದ್ದರು. ಕೇಳಿಕೊಂಡು ಚನ್ನಪಟ್ಟಣದ ಸನಾವುಲ್ಲಾ ಸಾಹೇಬರ ಬೊಂಬೆ ಕಾರ್ಖಾನೆಗೆ ಬಂದರೆ, ಅವನು ಬುಗುರಿಗಳಿಗೆ ಅರಗಿನ ಬಣ್ಣ ಹಚ್ಚುತ್ತಿದ್ದ.

"ಒಸಿ ಮಾತಾಡ್ಸಮ್ಮ," ಎಂದರು ಸನಾವುಲ್ಲಾ. "ಬುಗುರಿಗೆಲ್ಲ ಬಣ್ಣ ಹಚ್ತಾನೆ, ಇವನ ಮುಖದಾಗೆ ಮಾತ್ರ ಬಣ್ಣಾನೇ ಇಲ್ಲ."

"ನಿಮಗೆ ಗೊತ್ತಿತ್ತಾ?" ಸುಚಿತ್ರಾ ನೇರ ಅವನ ಮುಂದೆ ಹೋಗಿ ನಿಂತಳು.

"ಲ್ಯಾಬಲ್ಲಿ ನೋಡಿದಾಗಲೇ ಬೋರ್ ನೀರು ಅಂತ ಗೊತ್ತಾಯ್ತು. ಬಾಟ್ಲಿ ನನ್ನ ಕೈ ಬಿಟ್ಟಿದ್ದು ನಿಮ್ಮ ಜಗಲಿ ಮೇಲೆ ಮಾತ್ರ, ಆಗ ಹೊರಗಿದ್ದವರು ನಿಮ್ಮವ್ವ ಒಬ್ಬರೇ. ನನ್ನದೇ ತಪ್ಪು, ಇನ್ನೊಂದ್ಸಲ ತರ್ತೀನಿ ಅಂದೆ. ಕೆಲಸದಿಂದ ತೆಗೆದ್ರು, ರಿಪೋರ್ಟ್ ಉಳಿಸಿಕೊಂಡ್ರು."

"ಅವ್ವನ ಹೆಸರು ಯಾಕೆ ಹೇಳಲಿಲ್ಲ?"

"ಕೇಸಾಗ್ತಿತ್ತು. ನಿಮ್ಮನೆ ಮಾನ..."

"ನಮ್ಮನೆ ಮಾನಕ್ಕೆ ಏಳು ಹಳ್ಳಿಗೆ ವಿಷ ಕುಡಿಸ್ತೀರಾ?" ಅವಳು ಅವನ ಅಂಗಿ ಹಿಡಿದು ಅಲುಗಾಡಿಸಿದಳು. "ಇದು ತ್ಯಾಗ ಅಲ್ಲ, ಹೇಡಿತನ!"

ಅವನ ಕಣ್ಣು ತುಂಬಿತು. "ಹೌದು... ನಿಮ್ಮನ್ನ ಕಳ್ಕೋತೀನಿ ಅಂತ ಹೆದರಿದೆ."

ಅಂಗಿಯ ಮೇಲಿನ ಹಿಡಿತ ಸಡಿಲವಾಯಿತು. ಬೆರಳುಗಳು ಮಾತ್ರ ಅಲ್ಲೇ ಉಳಿದವು...

"ನಾಳೆ ಬನ್ನಿ. ಇಬ್ಬರೂ ಹೇಳೋಣ."

ಮರುದಿನ ಏರಿಯ ಮೇಲೆ ಶಾಮಿಯಾನ. ಇಂಜಿನಿಯರ್ ವಾಲ್ವಿಗೆ ಕೈ ಹಾಕುವಷ್ಟರಲ್ಲಿ ಸುಚಿತ್ರಾ ಎದುರು ನಿಂತಳು. "ನಿಲ್ಲಿಸಿ! ರಿಪೋರ್ಟ್ ಸುಳ್ಳು. ಬಾಟ್ಲಿ ನೀರು ಬದಲಾಗಿದ್ದು ನಮ್ಮನೇಲಿ!"

"ಗೊತ್ತಿದ್ದೂ ಬಾಯಿ ಮುಚ್ಕೊಂಡವನು ನಾನು," ಎಂದ ಮಧು.

"ಬರ್ದು ಕೊಡ್ತೀರೇನಮ್ಮ?" ಇಂಜಿನಿಯರ್ ಗದರಿಸಿದರು.

"ಅವಳ್ಯಾಕ್ ಬರ್ದು ಕೊಡ್ಬೇಕು?" ಜನರ ಮಧ್ಯದಿಂದ ನಾಗಲಕ್ಷ್ಮಮ್ಮ ಎದ್ದು ಬಂದಳು. "ಚೆಲ್ಲಿದೋಳು ನಾನು. ಕಾಗ್ದ ತತ್ತಾರಪ್ಪ, ಹೆಬ್ಬೆಟ್ಟು ಒತ್ತೀನಿ!"

"ಮನೆಮುರುಕರು!" ಯಾರೋ ಕೂಗಿದರು. "ಊರ ಹೆಣ್ಮಕ್ಕಳ ಬಾಳೆಲ್ಲ ಹಾಳ್ಮಾಡ್ಬುಟ್ರಲ್ಲ!"

ಆದರೂ ವಾಲ್ವು ತಿರುಗಲಿಲ್ಲ. ಹೊಸ ಪರೀಕ್ಷೆಯವರೆಗೆ ನಲ್ಲಿ ಬಂದ್ ಎಂದರು. ಗೆಲುವು ಅಷ್ಟೇ. ಕಾರ್ಖಾನೆಯ ಕೊಳವೆ ಹರಿಯುತ್ತಲೇ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಜನ ಚದುರಿದ ಮೇಲೆ ಸುಚಿತ್ರಾ, ಮಧು ಇಬ್ಬರೇ ಉಳಿದರು.

"ಇನ್ನು ನಮ್ಮೂರಿಗೆ ಹೆಣ್ಣು ಕೇಳ್ಕೊಂಡು ಯಾರೂ ಬರಲ್ಲ," ಎಂದಳು ಸುಚಿತ್ರಾ.

"ನಾನು ಬಂದಿದ್ದೀನಲ್ಲ."

ಅವಳು ಅಳುತ್ತಲೇ ನಕ್ಕಳು. "ಇನ್ನೊಂದ್ಸಲ ನನಗೋಸ್ಕರ ಸುಮ್ಮನಿದ್ರೆ..."

"ಬೈಯಿ ಸುಚಿ. ಊರಿಗೆಲ್ಲ ಕೇಳೋ ಹಾಗೆ ಬೈಯಿ."

"ಪ್ರೀತಿಸ್ತೀನಿ ಅಂತಾನೂ ಹಾಗೇ ಹೇಳ್ಲಾ?"

"ಅದನ್ನ..." ಅವನು ಅವಳ ಕೈ ಹಿಡಿದ. "ಮೊದಲು ನನಗೊಬ್ಬನಿಗೇ ಹೇಳು."