ಕುಬಾತನ ಕೂಗು

"ಇನ್ನೊಂದ್ ಸಲ," ಅಂದರು ಜೊಲ್ಡೋಶ್ ಚಿಕ್ಕಪ್ಪ, ಸ್ಟೀರಿಂಗ್‌ನಿಂದ ಕೈ ತೆಗೆಯದೆ. "ಹೊಟ್ಟೆಯಿಂದ ಬರ್ಬೇಕು ಕಣೋ. ಗಂಟಲಿಂದಲ್ಲ."

ಕುಬಾತ್ ಬಾಯಿ ತೆರೆದ. "ಅಯ್ಯೋ ಅಜ್ಜಾ... ನನ್ನ ಬೆಟ್ಟದಂಥ ಅಜ್ಜಾ..."

"ಐಸ್‌ಕ್ರೀಮ್ ಕೇಳ್ತಿದಾನೆ," ಅಂದಳು ಹಿಂದಿನ ಸೀಟಿನಲ್ಲಿದ್ದ ಅಕ್ಕ ಬುರುಲ್.

"ಬುರುಲ್!" ಎಂದು ಅಮ್ಮ ಗದರಿದರು. ಗದರಿ, ಬೇಗನೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ವ್ಯಾನು ಬೆಟ್ಟದ ದಾರಿ ಏರುತ್ತಿತ್ತು. ಎಲ್ಲೆಲ್ಲೂ ಹಿಮ. ರಸ್ತೆ ಯಾವುದು, ಗುಡ್ಡ ಯಾವುದು ಎಂದು ಹೇಳಲು ಉಳಿದಿದ್ದ ಗುರುತೆಂದರೆ ಮುಂದೆ ಹೋದ ಲಾರಿಯ ಚಕ್ರದ ಗೆರೆ. ಗಾಜಿನ ಒಳಮೈಯಲ್ಲಿ ಎಲ್ಲರ ಉಸಿರು ಹೆಪ್ಪುಗಟ್ಟಿ ಎಲೆಯ ನರಗಳ ಹಾಗೆ ಕವಲೊಡೆದಿತ್ತು. ಕುಬಾತ್ ಅದನ್ನು ಉಗುರಿನಿಂದ ಕೆರೆದು ಹೊರಗೆ ನೋಡಿದ. ಇಳಿಜಾರಿನಲ್ಲಿ ಕುದುರೆಗಳು ಗೊರಸಿನಿಂದ ಹಿಮ ಕೆದಕಿ ಹುಲ್ಲು ಹುಡುಕುತ್ತಿದ್ದವು.

ಅಜ್ಜ ತೀರಿಕೊಂಡ ಸುದ್ದಿ ಬಂದದ್ದು ನಿನ್ನೆ. ಅಪ್ಪ ಅತ್ತರು, ಅಮ್ಮ ಅತ್ತರು, ಬುರುಲ್ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಕುಬಾತ್‌ಗೆ ಮಾತ್ರ ಅಳು ಬರಲೇ ಇಲ್ಲ. ಕಣ್ಣು ಉಜ್ಜಿ ನೋಡಿದ. ಅಡುಗೆಮನೆಗೆ ಹೋಗಿ ಹೆಚ್ಚಿಟ್ಟ ಈರುಳ್ಳಿಯ ಮೇಲೆ ಬಗ್ಗಿ ನೋಡಿದ. ಕಣ್ಣು ಉರಿಯಿತು, ನೀರೂ ಬಂತು. ಆದರೆ ಅದು ಈರುಳ್ಳಿಯ ನೀರು ಅಂತ ಅವನಿಗೇ ಗೊತ್ತಿತ್ತಲ್ಲ.

ಇವತ್ತಂತೂ ಅವನು ಗಂಡಸರ ಜೊತೆ ಸೇರಬೇಕು. ಸಾವಿನ ಮನೆ ಕಾಣುತ್ತಲೇ ಗಂಡಸರೆಲ್ಲ ಜೋರಾಗಿ ಕೂಗಿ ಅಳುತ್ತಾ ಓಡಬೇಕು. ತೆಪ್ಪಗೆ ನಡೆದು ಹೋದರೆ, "ಏನಪ್ಪಾ, ಊಟಕ್ಕೆ ಬಂದ್ರಾ?" ಅನ್ನುತ್ತಾರೆ ಊರವರು. ಆದರೆ ಅಳು ಬಾರದೆ ಅತ್ತಂತೆ ಕೂಗಿದರೆ ಸುಳ್ಳು ಹೇಳಿದ ಹಾಗಲ್ಲವೆ? ಕೂಗದಿದ್ದರೆ ಇವನಿಗೆ ಅಜ್ಜನ ಮೇಲೆ ಪ್ರೀತಿಯೇ ಇರಲಿಲ್ಲ ಅಂದುಕೊಳ್ಳುತ್ತಾರೆ. ಅಜ್ಜಿಯೂ ಹಾಗೇ ಅಂದುಕೊಂಡುಬಿಟ್ಟರೆ?

"ಅಪ್ಪಾ, ಅಳು ಬರದೇ ಇದ್ರೆ ಏನ್ ಮಾಡೋದು?"

ಅಪ್ಪ ಹೈಸ್ಕೂಲಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಅವರ ಹತ್ತಿರ ಉತ್ತರವಿಲ್ಲದ ಪ್ರಶ್ನೆಯೇ ಇರಲಿಲ್ಲ. "ದುಃಖ ಇದ್ರೆ ತಾನಾಗೇ ಬರುತ್ತೆ," ಅಂದರು.

"ದುಃಖ ಇದೆ. ಅಳು ಇಲ್ಲ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಜೊಲ್ಡೋಶ್, ಹೀಟರ್ ಸ್ವಲ್ಪ ಜಾಸ್ತಿ ಮಾಡು," ಅಂದರು.

ಅಜ್ಜ, ಅಜ್ಜಿ ಕೊನೆಯ ಚಿಕ್ಕಪ್ಪನ ಹೊಸ ಮನೆಗೆ ಬಂದದ್ದು ಈ ಚಳಿ ಶುರುವಾಗುವ ಹೊತ್ತಿಗೆ. ವ್ಯಾನಿನಲ್ಲಿದ್ದ ಯಾರೂ ಆ ಮನೆ ನೋಡಿರಲಿಲ್ಲ. "ಜಾರ್-ತೆರೆಕ್ ಊರ ಕೊನೇ ಮನೆ. ಅಂಗಳದಲ್ಲಿ ಕಂಬಳಿ ಗುಡಾರ ಹಾಕಿದೀವಿ. ತಪ್ಪೋ ಛಾನ್ಸೇ ಇಲ್ಲ," ಅಂದಿದ್ದರು ಆ ಚಿಕ್ಕಪ್ಪ ಫೋನಿನಲ್ಲಿ. ನಿಜ ತಾನೆ? ಬೇಸಿಗೆಯಲ್ಲಾದರೆ ಹುಲ್ಲುಗಾವಲಿನ ತುಂಬ ಗುಡಾರಗಳು. ಚಳಿಗಾಲದಲ್ಲಿ ಯಾರದಾದರೂ ಅಂಗಳದಲ್ಲಿ ಗುಡಾರ ಎದ್ದಿತೆಂದರೆ, ಒಳಗೆ ಹೆಣ ಇದೆ ಅಂತ ಹಾಲುಹಲ್ಲಿನ ಮಗುವಿಗೂ ಗೊತ್ತು.

ಬೆಟ್ಟ ಇಳಿದರು. ಊರೊಂದು ಬಂತು. ಬೋರ್ಡು ಹಿಮದಲ್ಲಿ ಹೂತುಹೋಗಿತ್ತು. ಊರ ಕೊನೆಗೆ ಒಂದು ಮನೆ. ಅಂಗಳದಲ್ಲಿ ಗುಡಾರ.

"ಇದೇ!" ಎಂದು ಚಿಕ್ಕಪ್ಪ ಬ್ರೇಕ್ ಒತ್ತಿದರು.

ಅಪ್ಪ ಕೈಗವಸನ್ನೂ ಹಾಕಿಕೊಳ್ಳದೆ ಹಾರಿದರು. "ಅಯ್ಯೋ ನನ್ನಪ್ಪಾ! ನನ್ನ ಆಸರೆಯ ಬೆಟ್ಟವೇ!" ಕ್ಲಾಸಿನಲ್ಲಿ ಕೊನೇ ಬೆಂಚಿಗೆ ಕೇಳಿಸದ ದನಿ ಅದು. ಈಗ ಊರ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಚಿಕ್ಕಪ್ಪನೂ ಕೂಗುತ್ತಾ ಓಡಿದರು. ಕುಬಾತ್ ಹಿಂದೆಯೇ ಓಡಿದ, ಬಾಯಿಯನ್ನೂ ತೆರೆದ. ಬಿಳಿ ಹಬೆ ಬಂತು, ದನಿ ಬರಲಿಲ್ಲ.

ಗುಡಾರದ ಮುಂದೆ ಒಬ್ಬ ಹುಡುಗ ಸ್ಟೂಲಿನ ಮೇಲೆ ನಿಂತು ಮೊಬೈಲ್ ಹಿಡಿದಿದ್ದ. ಅಪ್ಪ ಅವನನ್ನು ಕೆಳಗೆಳೆದು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಹುಡುಗ ಒಳ್ಳೆಯ ಮನೆತನದವನು. ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಅಪ್ಪನ ಬೆನ್ನು ಸವರಿದ. ಗುಡಾರದೊಳಗಿಂದ ಪೊರಕೆ ಹಿಡಿದು ಬಂದ ಮುದುಕಿ ಅಲ್ಲೇ ಕುಸಿದು, "ಯಾರು ಹೋದ್ರೋ, ನಮ್ಮೋರು ಯಾರು ಹೋದ್ರೋ!" ಎಂದು ಎದೆ ಬಡಿದುಕೊಂಡಳು.

ಆಗ ಕೊಟ್ಟಿಗೆಯ ಬಾಗಿಲು ತೆರೆಯಿತು. ಸಗಣಿ ಬಾಚುವ ಸಲಿಕೆ ಹಿಡಿದು ಮುದುಕರೊಬ್ಬರು ಹೊರಗೆ ಬಂದರು.

"ಏನ್ರೋ ಇದು? ನಾನೇನಾದ್ರೂ ಸತ್ತೋದ್ನಾ? ನಂಗೊಬ್ಬನಿಗೆ ಯಾರೂ ಹೇಳ್ಲೇ ಇಲ್ವಲ್ರೋ!"

ಅಳು ನಿಂತಿತು. ನಾಯಿಗಳೂ ಸುಮ್ಮನಾದವು.

"ಇದು... ಜಾರ್-ತೆರೆಕ್ ಅಲ್ವಾ?" ಅಂದರು ಅಪ್ಪ. ಅವರ ಕನ್ನಡಕ ಪೂರ್ತಿ ಮಂಜಾಗಿತ್ತು.

"ಇದು ಕೊಕ್-ಬುಲಾಕು. ನಿಮ್ಮೂರು ಹೊಳೆ ಆಚೆ."

"ಹಂಗಾದ್ರೆ ಈ ಗುಡಾರ?"

"ಮಾರಕ್ಕೆ," ಅಂದ ಹುಡುಗ, ಅಪ್ಪನ ತೋಳಿನಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತಾ. "ಆನ್‌ಲೈನಲ್ಲಿ ಹಾಕೋಣ ಅಂತ ಫೋಟೋ ತೆಗೀತಿದ್ದೆ. ಹಿಮದ ಬ್ಯಾಕ್‌ಗ್ರೌಂಡ್ ಚೆನ್ನಾಗಿರುತ್ತಲ್ಲ."

"ಚಳೀಲಿ ಗುಡಾರ ಎಬ್ಬಿಸ್ಬೇಡ್ವೋ, ಅಪಶಕುನ ಅಂತ ಬಡ್ಕೊಂಡೆ!" ಅಂದರು ಮುದುಕರು. "ನೋಡು, ಕೊಳ್ಳೋರು ಬರೋಕ್ ಮುಂಚೆ ಅಳೋರು ಬಂದ್ರು."

ಬುರುಲ್ ಸ್ಕಾರ್ಫಿನೊಳಗೆ ಮುಖ ಹುದುಗಿಸಿ ನಕ್ಕಳು. ಅಮ್ಮನೂ ನಕ್ಕರು. ನಗುತ್ತಾ ನಗುತ್ತಾ ಅದು ಅಳುವಾಯಿತು. ಮುದುಕಿ ಎದ್ದು ಬಂದು ಅಮ್ಮನ ಕೈ ಹಿಡಿದುಕೊಂಡಳು. "ಬಾ ಮಗಳೇ. ಅಳ್ತಾ ಬಂದೋರನ್ನ ಬರಿ ಹೊಟ್ಟೇಲಿ ಕಳಿಸ್ತಾರಾ?"

ಬಿಸಿ ರೊಟ್ಟಿ, ಬೆಣ್ಣೆ, ಹಾಲು ಹಾಕಿದ ಉಪ್ಪಿನ ಚಹಾ. ಯಾರ ಸಾವು ಎಂದು ಕೇಳಿ ತಿಳಿದ ಮೇಲೆ ಮುದುಕರು ಟೋಪಿ ತೆಗೆದು ಅಂಗೈ ಮೇಲೆತ್ತಿ ಪ್ರಾರ್ಥನೆ ಹೇಳಿದರು. ಆಮೇಲೆ ಕುಬಾತ್‌ನ ಪಕ್ಕಕ್ಕೆ ಸರಿದು ಕೂತರು.

"ನೀನು ಕೂಗ್ಲಿಲ್ಲ."

"ಅಳು ಬರ್ಲಿಲ್ಲ ಅಜ್ಜಾ."

"ಹೇಗ್ ಬರುತ್ತೆ? ನಾನು ಸತ್ತಿರ್ಲಿಲ್ವಲ್ಲ!" ಮುದುಕರು ಕಣ್ಣು ಮಿಟುಕಿಸಿದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಒಂದ್ ವಿಷ್ಯ. ನಿಮ್ಮಪ್ಪನ ಕೂಗು ಕೇಳಿ ಮೊದ್ಲು ಹೆದ್ರಿದೆ. ಆಮೇಲೆ ಒಂಥರಾ ಖುಷೀನೇ ಆಯ್ತು. ಪರವಾಗಿಲ್ಲ, ಜನ ಬಂದ್ರಲ್ಲಾ ಅಂತ," ಅಂದರು.

ಹೊಳೆ ದಾಟಿ ಜಾರ್-ತೆರೆಕ್ ತಲುಪಿದಾಗ ಬೆಟ್ಟದ ನೆರಳು ಊರ ಮೇಲೆ ಬಿದ್ದಿತ್ತು. ಈ ಸಲ ಅನುಮಾನವೇ ಇರಲಿಲ್ಲ. ಅಂಗಳದ ತುಂಬ ಜನ. ಗುಡಾರದ ಮುಂದೆ ಗಂಡಸರು ಕೋಲೂರಿ ಬಾಗಿ ಸಾಲಾಗಿ ನಿಂತಿದ್ದರು.

ಅಪ್ಪ ಇಳಿದು ಬಾಯಿ ತೆರೆದರು. ಗಾಳಿ ಹೋದ ಟಯರಿನಂಥ ಸದ್ದು ಬಂತು. ಇದ್ದ ದನಿಯನ್ನೆಲ್ಲ ಅವರು ಕೊಕ್-ಬುಲಾಕಿನಲ್ಲಿ ಖರ್ಚು ಮಾಡಿಬಿಟ್ಟಿದ್ದರು. ಕಣ್ಣಿಂದ ನೀರು ಮಾತ್ರ ಧಾರೆಯಾಗಿ ಇಳಿಯುತ್ತಿತ್ತು. ಜೊಲ್ಡೋಶ್ ಚಿಕ್ಕಪ್ಪನ ಕೂಗೂ ಕೆಮ್ಮಿನಲ್ಲೇ ಮುಗಿಯಿತು. ಸಾಲಿನ ಗಂಡಸರು ತಲೆ ಎತ್ತಿ ಇತ್ತ ನೋಡಿದರು.

ಕುಬಾತ್ ನೋಡಿದ್ದು ಗುಡಾರದ ಬಾಗಿಲನ್ನು. ಪರದೆ ಸರಿಸಿತ್ತು. ಒಳಗೆ ಹೆಂಗಸರು ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತು ಹಾಡಿಕೊಂಡು ಅಳುತ್ತಿದ್ದರು. ನಡುವೆ ಅಜ್ಜಿಯ ಬೆನ್ನು. ಬೇಸಿಗೆಯಲ್ಲಿ ಅದು ಇಷ್ಟು ಚಿಕ್ಕದಾಗಿರಲಿಲ್ಲ.

"ಬೆಟ್ಟದ ದಾರಿಗೆ ಹಿಮ ಬಿತ್ತಲ್ಲೋ, ಮಕ್ಕಳು ಎಲ್ಲಿ ಸಿಕ್ಕಿಬಿದ್ದರೋ..." ಅಜ್ಜಿ ಹಾಡುತ್ತಿದ್ದಳು. ಗೋಡೆಗೆ ಮುಖ ಮಾಡಿ ಕೂತವಳು ತಿರುಗಿ ನೋಡುವ ಹಾಗಿಲ್ಲ. ಯಾರು ಬಂದರು, ಯಾರು ಬರಲಿಲ್ಲ, ಅವಳಿಗೆ ಕಾಣುವ ಹಾಗಿಲ್ಲ.

"ಅಯ್ಯೋ ಅಜ್ಜಾ!" ಎಂದು ಕುಬಾತ್ ಕೂಗಿದ. ದನಿ ಒಡೆದು ಕೀಚಲಾಗಿ ಬಂತು. "ನನ್ನ ಬೆಟ್ಟದಂಥ ಅಜ್ಜಾ!"

ಹಾಡು ನಿಂತಿತು.

"ಕುಬಾತ್ ಅಲ್ವಾ ಅದು?" ಅಜ್ಜಿ ತಿರುಗದೆಯೇ ಕೇಳಿದಳು. "ಬಂದ್ರಾ? ಎಲ್ಲಾರೂ ಬಂದ್ರಾ? ತಲೆಗೆ ಟೋಪಿ ಇದೆಯಾ ನೋಡ್ರೇ ಅವನಿಗೆ."

"ಇದೆ ಇದೆ," ಅಂದರು ಯಾರೋ.

"ಹ್ಞೂಂ," ಅಂದಳು ಅಜ್ಜಿ. ಆಮೇಲೆ ಹಾಡನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಳು.

ಕುಬಾತ್ ಕಣ್ಣು ಮುಟ್ಟಿ ನೋಡಿಕೊಂಡ. ಒಣಗಿಯೇ ಇತ್ತು. ಕೈ ಕೆಳಗಿಳಿಸಿದ. ಗಾಳಿ ಗುಡಾರದ ಕಡೆಯಿಂದ ಅವನ ಮುಖಕ್ಕೆ ಬೀಸುತ್ತಿತ್ತು. ಅದಕ್ಕೇ ಅವನು ಅಜ್ಜಿಗೆ ಕೇಳಿಸಲೆಂದು ಹೊಟ್ಟೆಯ ತುಂಬ ಉಸಿರೆಳೆದುಕೊಂಡು, ಈ ಸಲ ಇನ್ನೂ ಜೋರಾಗಿ ಕೂಗಿದ.