ಮನ್ಯಾಗ ಇರ್ರಿ, ನಾ ಬರ್ತೇನಿ

"ಥೂ!"

ಹೇಮಾಳ ಬಾಯಿಂದ ಬಂದ ಮೊದಲ ಮಾತೇ ಅದು. ಎದುರಿಗೆ ನಿಂತಿದ್ದ ಹೊಸ ಡ್ರೈವರ್‌ನ ಮುಖಕ್ಕೆ ಅದು ನೇರವಾಗಿ ಬಡಿಯಿತು.

ಬಡಿಯಲಿ ಬಿಡಿ! ಅವನು ಮಾಡಿದ ಕೆಲಸವೂ ಹಾಗೇ ಇತ್ತು.

ಬಸವಣ್ಣೆಪ್ಪನ ಹೋಟೆಲಿನ ಪಕ್ಕದಲ್ಲಿ ಮುಸುರೆ ನೀರು ಹರಿಯುವ ಗಟಾರ. ಅದರ ದಂಡೆಯ ಮೇಲೆ ಗುಟ್ಕಾ ಉಗುಳು, ಹಳಸಿದ ಅನ್ನ, ಗುಂಯ್‌ಗುಟ್ಟುವ ನೊಣ. ಆ ನೊಣಗಳ ನಡುವೆಯೇ ಅವಳ ಪಾರ್ಸಲ್ ಇಟ್ಟು, ಹಿಂದೆ ಸರಿದು ನಿಂತಿದ್ದ ಮಹಾರಾಯ!

"ಕೈಯಾಗ ಕೊಟ್ಟಿದ್ರ ನಿಮ್ಮ ಕೈ ಸವೀತಿತ್ತೇನ್ರಿ?"

"ಅಲ್ರಿ... ಮಾವ ಹೇಳಿದ್ರು. ಅಲ್ಲೇ ಇಡು, ಅವರು ತಗೋತಾರ ಅಂತ..."

"ಯಾವ ಮಾವ?"

ಅವನು ಹೋಟೆಲಿನ ಗಲ್ಲಾದ ಕಡೆ ನೋಡಿದ. ಅಲ್ಲಿ ಬಸವಣ್ಣೆಪ್ಪ ಹಲ್ಲು ಚುಚ್ಚಿಕೊಳ್ಳುತ್ತ ಕುಳಿತಿದ್ದ. ಓಹೋ... ಸ್ವಂತ ಸೋದರಮಾವ! ಇನ್ನೇನು ಕೇಳುವುದು?

ಹೇಮಾ ಆ ಊರ ಹೊರಗಿನ ಕೇರಿಯ ಹುಡುಗಿ. ಅಪ್ಪ ತೀರಿಹೋದ ಮೇಲೆ ಅವ್ವ ಅಡಿವೆವ್ವನನ್ನು ಸಾಕುತ್ತಿದ್ದುದು ಅವಳ ಸೂಜಿಯೇ. ಶಿಗ್ಗಾವಿ, ಸವಣೂರಿನ ಮದುವೆ ಹೆಣ್ಣುಗಳ ರವಿಕೆಗೆ ಮಣಿ, ಜರಿ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಮಣಿ, ದಾರ ಎಲ್ಲ ಪಾರ್ಸಲ್‌ನಲ್ಲೇ ಬರುತ್ತಿದ್ದವು.

ಆದರೆ ಒಂದೇ ಒಂದು ಪಾರ್ಸಲ್ಲೂ ಅವಳ ಹೊಸ್ತಿಲು ಕಂಡಿರಲಿಲ್ಲ. ಹಾನಗಲ್ಲಿನಿಂದ ಹೊರಟ ವ್ಯಾನು ತಿಳವಳ್ಳಿ ರಸ್ತೆಯ ಈ ಹೋಟೆಲಿನ ಮುಂದೆ ನಿಲ್ಲುತ್ತಿತ್ತು. ಅಲ್ಲಿಂದ ಫೋನು... "ಬಂದು ತಗೊಂಡು ಹೋಗ್ರಿ." ಹಾಗಾದರೆ ಕೇರಿ ಎಷ್ಟು ದೂರ ಅಂತೀರಿ? ಕೂಗಿದರೆ ಕೇಳುವಷ್ಟು!

ರಸ್ತೆ ಇತ್ತು. ವ್ಯಾನು ಹೋಗುವಷ್ಟು ಅಗಲವೂ ಇತ್ತು. ಹೋಗುವ ಮನಸ್ಸೊಂದು ಇರಲಿಲ್ಲ, ಅಷ್ಟೇ.

"ನನ್ನ ತಪ್ಪಿಲ್ರಿ ಮೇಡಂ. ಮ್ಯಾಪ್ ಇಲ್ಲೇ ತೋರಸ್ತೈತಿ, ನೋಡ್ರಿ." ಅವನು ಫೋನು ಮುಂದೆ ಹಿಡಿದ.

ಡ್ರೈವರುಗಳಿಗೆ ದಿನದ ದಾರಿ ಹಾಕಿಕೊಡುವ ಆ್ಯಪ್ ಅದು. ಮೊದಲು ಯಾವ ಮನೆ, ಆಮೇಲೆ ಯಾವ ಮನೆ, ಎಲ್ಲ ಅದೇ ಹೇಳುತ್ತದೆ. ಅದರಲ್ಲಿ ಹೇಮಾಳ ಹೆಸರಿತ್ತು. ಹೆಸರಿನ ಕೆಳಗೆ ಮನೆಯ ಕೆಂಪು ಗುರುತೂ ಇತ್ತು. ಆ ಗುರುತು ಬಿದ್ದಿದ್ದು ಎಲ್ಲಿ ಗೊತ್ತೇ? ಸರಿಯಾಗಿ ಆ ಗಟಾರದ ಮೇಲೆ!

ಹೇಮಾ ಆ ಫೋನನ್ನು ಅವನ ಕಡೆಗೇ ತಳ್ಳಿದಳು.

"ಅಂದ್ರ ನನ್ನ ಮನಿ ಗಟಾರದಾಗ ಐತಿ! ಭಾಳ ಚಂದ ಆತು. ಊರಾಗಿನ ಮಂದಿ ಹೇಳೋದು ಸಾಲದು ಅಂತ ಈಗ ಫೋನಿಗೂ ಕಲಿಸೀರೇನು?"

ಪಾರ್ಸಲ್ ಎತ್ತಿ, ಅದಕ್ಕೆ ಅಂಟಿದ್ದ ಅನ್ನದ ಅಗುಳು ಕೊಡವಿ, ಓಟಿಪಿ ಹೇಳಿ, ಹಿಂದೆ ನೋಡದೆ ನಡೆದುಬಿಟ್ಟಳು.

ಆ ಡ್ರೈವರ್ ಪ್ರಶಾಂತ ಅಲ್ಲೇ ನಿಂತಿದ್ದ. ಮಾವ ತಂದುಕೊಟ್ಟ ಚಹಾವನ್ನು ಅವನು ಮುಟ್ಟಲೇ ಇಲ್ಲ. ಇದು ನಮಗೆ ಗೊತ್ತು. ಹೇಮಾಳಿಗೆ ಹೇಗೆ ಗೊತ್ತಾಗಬೇಕು?

ಮುಂದಿನ ಪಾರ್ಸಲ್ ಬರುವ ಹಿಂದಿನ ದಿನ ಫೋನು ಬಂತು.

"ಮೇಡಂ, ನಾ ಪ್ರಶಾಂತ್ರಿ, ಪಾರ್ಸಲ್ ವ್ಯಾನಿನವ. ನಾಳೆ ನೀವು ಹೋಟೆಲಿಗೆ ಬರಬ್ಯಾಡ್ರಿ. ಮನ್ಯಾಗ ಇರ್ರಿ, ನಾ ಬರ್ತೇನಿ."

ಹೇಮಾಳ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಅವಳ ನಂಬರು ಪಾರ್ಸಲ್ ಮೇಲೆ ಇರುತ್ತದಲ್ಲ, ಹಿಂದಿನ ಡ್ರೈವರ್ ಒಬ್ಬ ಅದನ್ನು ಹಿಡಿದುಕೊಂಡು 'ಊಟ ಆತಾ ಡಿಯರ್' ಅಂತ ಮೆಸೇಜು ಹಾಕುತ್ತಿದ್ದ. ಗಟಾರದ ಪಕ್ಕ ಪಾರ್ಸಲ್ ಇಡುವಾಗ ಬೇಕಿಲ್ಲದ ಕೇರಿ, ಹುಡುಗಿ ಒಬ್ಬಳೇ ಇದ್ದರೆ ಮಾತ್ರ ಬೇಕು ಇವರಿಗೆ! ಛೀ...

"ಮನೀಗೆ ಬರೋ ಮಾತು ಇನ್ನೊಮ್ಮೆ ಆಡಿದ್ರ ಚಪ್ಪಲಿ ಕೈಯಾಗಿರ್ತೈತಿ. ಇಡ್ರಿ ಫೋನು!"

ಇಟ್ಟಿದ್ದೇ ತಡ, ನಂಬರನ್ನು ಬ್ಲಾಕ್ ಮಾಡಿದಳು.

ಮರುದಿನ ಬೇಕಂತಲೇ ಹೋಟೆಲಿನ ಮುಂದೆ ಹೋಗಿ ನಿಂತಳು. ಪಾರ್ಸಲ್ ಕೊಡಬೇಕಾದರೆ ಡ್ರೈವರ್ ಓಟಿಪಿ ಕೇಳಬೇಕು, ಅದನ್ನು ಆ್ಯಪಿನಲ್ಲಿ ಒತ್ತಬೇಕು. ಪ್ರಶಾಂತ ಈ ಸಲ ಎರಡೂ ಕೈಯಲ್ಲಿ ಪಾರ್ಸಲ್ ಹಿಡಿದು ಅವಳ ಕೈಗೇ ಕೊಟ್ಟ.

"ನಂಬರ್ ಇಲ್ಲಿ ಹೇಳಬ್ಯಾಡ್ರಿ... ಮನೀ ಹತ್ರ ಹೋಗಿ..." ಅವನು ಪಿಸುಗುಟ್ಟಿದ. ಮಾವನ ಕಿವಿ ಇತ್ತ ಕಡೆಯೇ ಇತ್ತು.

ಹೇಮಾ ಇಡೀ ಹೋಟೆಲಿಗೆ ಕೇಳುವಂತೆ ಓಟಿಪಿ ಕೂಗಿದಳು. "ಬರಕೊಂಡ್ರೇನು? ಇನ್ನ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ."

ಅವನ ಮುಖ ಬಾಡಿತು. ಅದನ್ನು ನೋಡಿ ಅವಳಿಗೆ ಖುಷಿಯಾಯಿತು ಕೂಡ! ಅಲ್ಲಿಂದ ಮುಂದೆ ಪ್ರತಿ ಪಾರ್ಸಲ್‌ಗೂ ಇದೇ ಆಟ. ಅವನು 'ಮನೀ ಹತ್ರ' ಅನ್ನುವುದು, ಅವಳು ಅಲ್ಲೇ ನಿಂತು ಕೂಗುವುದು.

ಅಷ್ಟರಲ್ಲಿ ಆ ವ್ಯಾನು ಕೇರಿಯೊಳಗೂ ಕಾಣಿಸತೊಡಗಿತು. ಒಮ್ಮೆ ಗುತ್ತೆಪ್ಪ ಕಾಕಾನ ಮನೆಯ ಮುಂದೆ, ಇನ್ನೊಮ್ಮೆ ಬಾವಿಯ ಹತ್ತಿರ. 'ಸುತ್ತು ಹಾಕಾಕತ್ತಾನ, ನಾಯಿ ಬುದ್ಧಿ!' ಎಂದು ಹೇಮಾ ಹಲ್ಲು ಕಡಿದಳು.

ಒಂದು ಮಧ್ಯಾಹ್ನ ಅವಳು ಹಾನಗಲ್ ಪೇಟೆಗೆ ಹೋಗಿ ಬಂದರೆ, ಅವ್ವ ನಗುನಗುತ್ತ ಕುಳಿತಿದ್ದಳು.

"ಪಾರ್ಸಲ್ಲಿನ ತಮ್ಮ ಮನೀತನಕಾ ಬಂದಿದ್ದ ಯವ್ವಾ. ನಿನ್ನ ಕೇಳಿದ. ಇಲ್ಲಪಾ ಅಂದೆ. ನೀರು ಕೊಡ್ಲೇನು ಅಂದ್ರ, ಕೊಡ್ರೆವ್ವಾ ಅಂದು ನಮ್ಮ ತಂಬಿಗ್ಯಾಗಿಂದ ಗಟಗಟ ಕುಡದ. ಬಸವಣ್ಣೆಪ್ಪನ ಅಳಿಯ ಅಂತ! ಮಾವಗ ಗೊತ್ತಾದ್ರ ಎದಿ ಒಡಕೊಂತಾನ ನೋಡು."

ಅವ್ವ ನಕ್ಕಳು. ಹೇಮಾ ನಗಲಿಲ್ಲ. ಬೇಡ ಅಂದರೂ ಮನೆ ಹುಡುಕಿಕೊಂಡು ಬಂದನಲ್ಲ! ನೀರು ಕುಡಿದು ಅವ್ವನನ್ನು ಮರುಳು ಮಾಡಿದನಲ್ಲ! ಅವನು ಕುಡಿದ ತಂಬಿಗೆಯನ್ನು ಅವಳೇ ಬೂದಿ ಹಾಕಿ ಉಜ್ಜಿದಳು. ಕೈ ನೋಯುವ ತನಕ ಉಜ್ಜಿದಳು.

ಅಂದೇ ಕಂಪನಿಗೆ ದೂರು ಹೋಯಿತು... 'ಡ್ರೈವರ್ ಬೇಡ ಅಂದರೂ ಮನೆಗೆ ಬರುತ್ತಾನೆ.'

ವಾರ ಕಳೆಯುವುದರೊಳಗೆ ವ್ಯಾನಿನಲ್ಲಿ ಬೇರೆ ಮುಖ. ರಮೀಜ ಅಂತ. ಹೋಟೆಲಿನ ಮುಂದೆ ನಿಂತು, "ಅಕ್ಕಾ, ಬಂದು ತಗೊಂಡು ಹೋಗ್ರಿ," ಎಂದು ಫೋನು ಮಾಡಿದ.

"ಗುತ್ತೆಪ್ಪ ಕಾಕಾನ ಮನೀಗೆ ಈಗಷ್ಟ ಕೊಟ್ಟು ಬಂದ್ರಂತಲ್ಲ? ನಮ್ಮ ಮನೀಗೆ ಬರಾಕ ಏನು ದಾಡಿ?" ಹೋದವಳೇ ಕೇಳಿದಳು.

"ನಿಮ್ಮ ಮನಿ ಇಲ್ಲೇ ತೋರಸ್ತೈತಲ್ಲಕ್ಕಾ." ರಮೀಜ ಮ್ಯಾಪ್ ತೆಗೆದ. "ಕೇರ್ಯಾಗಿನ ಉಳದ ಮನಿ ಎಲ್ಲಾ ಸರಿ ಅದಾವು, ನೋಡ್ರಿ. ಪ್ರಶಾಂತ ಸರಿ ಮಾಡ್ಯಾನ. ನಿಮ್ಮದೊಂದ ಉಳದೈತಿ."

"ಸರಿ ಮಾಡ್ಯಾನ ಅಂದ್ರ?"

"ಸಾಫ್ಟ್‌ವೇರಿಗೆ ಕಣ್ಣಿಲ್ಲಕ್ಕಾ. ನಾವು ಎಲ್ಲಿ ನಿಂತು ಓಟಿಪಿ ಒತ್ತತೇವೋ ಅದ ಮನಿ ಅಂತ ತಿಳಕೊಂತೈತಿ. ಮದಲಿನ ಡ್ರೈವರ್‌ಗಳು ಕೇರೀದು ಎಲ್ಲಾ ಇಲ್ಲೇ ಒತ್ತಿದ್ರು. ಪ್ರಶಾಂತ ಒಂದೊಂದ ಮನೀ ಬಾಗಲಕ್ಕ ಹೋಗಿ, ಅಲ್ಲೇ ನಿಂತು ಒತ್ತಿ ಒತ್ತಿ ಗುರುತು ಸರಸಿದ. ರೂಟ್ ಬಿಟ್ಟು ಯಾಕ ಹೋದಿ ಅಂತ ಆಫೀಸಿನ್ಯಾಗ ಬೈಸ್ಕೊಂಡ. ನಿಮ್ಮದ ಹೆಂಗ ಉಳೀತೋ... ನೀವು ನಂಬರ್ ಎಲ್ಲಿ ಹೇಳ್ತಿದ್ರಿ?"

ಹೇಮಾ ಗಟಾರದ ಕಡೆ ನೋಡಿದಳು.

ಇಲ್ಲೇ. ಈ ಗಟಾರದ ಪಕ್ಕದಲ್ಲೇ, ಊರಿಗೆಲ್ಲ ಕೇಳುವಂತೆ ಕೂಗಿ ಕೂಗಿ ಹೇಳಿದ್ದಳು. 'ನಿಮ್ಮ ದಾರಿ ನಿಮಗ' ಅಂದಿದ್ದಳು! ತನ್ನ ಮನೆಯನ್ನು ತಾನೇ ತಂದು ಈ ಮುಸುರೆಯಲ್ಲಿ ಹೂತಿದ್ದಳು. ಊರಿನ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ಅವಳ ಮೇಲೇ ಬಂದು ಬಿತ್ತು.

'ಮನ್ಯಾಗ ಇರ್ರಿ, ನಾ ಬರ್ತೇನಿ...' ಅಯ್ಯೋ ದೇವರೇ, ಅದು ಆ ಮಾತಾಗಿತ್ತೇ?

ಮನೆಗೆ ಬಂದವಳು ಮೊದಲು ಪ್ರಶಾಂತನ ನಂಬರಿನ ಬ್ಲಾಕ್ ತೆಗೆದಳು. ಅವನಿಗೆ ಫೋನು ಹಚ್ಚಿದಳು.

"ಹಲೋ... ನಾ ಹೇಮಾ."

ಅತ್ತಲಿಂದ ಅವನ ಹೊಸ ರೂಟು, ಹಿರೇಕೆರೂರು ಬಸ್‌ಸ್ಟ್ಯಾಂಡಿನ ಗದ್ದಲ ಕೇಳಿತು. ಆಮೇಲೆ ಅವನ ದನಿ. "ಚಪ್ಪಲಿ ಹಿಡಕೊಂಡ ಫೋನು ಮಾಡೀರೇನ್ರಿ?"

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಯಾಕ ಬಿಡಿಸಿ ಹೇಳಲಿಲ್ಲ ನೀವು? ಬಾಯಿ ಇರಲಿಲ್ಲೇನು?"

"ಫೋನಿನ್ಯಾಗ ಹೇಳಬೇಕಂದ್ರ ನೀವು ಬ್ಲಾಕ್ ಮಾಡಿದ್ರಿ. ಹೋಟೆಲಿನ್ಯಾಗ ಹೇಳಬೇಕಂದ್ರ ಮಾವ ಕುಂತಿರ್ತಿದ್ದ. ಸಣ್ಣಾಂವ ಇದ್ದಾಗಿಂದ ಅವನ ಮುಂದ ಎದ್ದು ನಿಂತವನಲ್ಲ ನಾ..." ಅವನು ತಡೆದು ಮಾತಾಡಿದ. "ಅವತ್ತು ಪಾರ್ಸಲ್ ಕೆಳಗ ಇಟ್ನಲ್ರಿ, ಅದು ಮ್ಯಾಪಿನ ತಪ್ಪಲ್ಲ. ನಂದ ತಪ್ಪು. ಮಾವ ಇಡು ಅಂದ, ವಿಚಾರ ಮಾಡದ ಇಟ್ನಿ. ನೀವು ಥೂ ಅಂದದ್ದು ಬರೋಬ್ಬರಿ ಇತ್ತು. ನನಗೂ ನನ್ನ ಮ್ಯಾಲ ಹೇಸಿಗಿ ಬಂತು."

"ಕೇರಿಗೆಲ್ಲಾ ಬಂದ್ರಿ, ಮಾವನ ಮುಂದ ಮಾತ್ರ ಬಾಯಿ ಬರಲಿಲ್ಲ!"

"ಬರಲಿಲ್ಲ. ಖರೇ ಐತಿ."

ಸುಳ್ಳು ಹೇಳಬಹುದಿತ್ತು ಅವನು. ಹೇಳಲಿಲ್ಲ. ಹೇಮಾಳ ಎದೆಯಲ್ಲಿ ಇಷ್ಟು ದಿನ ಗಟ್ಟಿಯಾಗಿ ಕುಳಿತಿದ್ದ ಏನೋ ಒಂದು ಮೆಲ್ಲಗೆ ಸಡಿಲವಾಯಿತು.

"ದೂರು ವಾಪಸ್ ತಗೋತೇನಿ. ಮುಂದಿನ ಪಾರ್ಸಲ್ ನೀವ ತರಬೇಕು." ಆಮೇಲೆ ಹೇಳಿದಳು, "ನಾ ಹೋಟೆಲಿಗೆ ಬರಂಗಿಲ್ಲ. ಮನ್ಯಾಗ ಇರ್ತೇನಿ. ನೀವು ಬರ್ರಿ."

ದೂರು ವಾಪಸಾಗುವ ತನಕ ದಿನವೂ ಇಬ್ಬರಿಗೂ ಫೋನಿನಲ್ಲಿ ಮಾತೋ ಮಾತು. ಪ್ರಶಾಂತ ಹಳೇ ರೂಟಿಗೆ ಮರಳಿದ ದಿನ, ಹೇಮಾ ಬೆಳಿಗ್ಗೆಯಿಂದ ಸೂಜಿಗೆ ದಾರ ಪೋಣಿಸುವುದು, ಬಾಗಿಲಿಗೆ ಬರುವುದು, ಇದೇ ಕೆಲಸ. ಕೊನೆಗೂ ರಸ್ತೆಯಲ್ಲಿ ವ್ಯಾನಿನ ಸದ್ದು ಕೇಳಿತು. ಹೋಟೆಲಿನ ಹತ್ತಿರ ಅದು ನಿಂತೇಬಿಟ್ಟಿತು...

ನಿಂತಿತೇ? ಅಷ್ಟೇನಾ?

ಅಲ್ಲಿಂದ ಬಸವಣ್ಣೆಪ್ಪನ ದೊಡ್ಡ ಗಂಟಲು. "ಏ ಅಳಿಯಾ, ಮುಂದ ಎಲ್ಲಿಗೆ ಹೊಂಟಿ? ಮ್ಯಾಪ್ ಇಲ್ಲೇ ತೋರಸ್ತೈತಲ್ಲ!"

ಕೇರಿ ಕೂಗಿದರೆ ಕೇಳುವಷ್ಟೇ ದೂರ ಅಂತ ಆಗಲೇ ಹೇಳಿದೆನಲ್ಲ. ಅಳಿಯನ ಉತ್ತರವೂ ಕೇಳಿತು.

"ಮ್ಯಾಪ್ ಸುಳ್ಳು ಹೇಳಾಕತ್ತೈತಿ ಮಾವ! ಅದಕ್ಕ ಸುಳ್ಳು ಕಲಿಸಿದವರು ನೀವು. ನಾ ಹೇಮಾನ ಮನೀಗೆ ಹೊಂಟೇನಿ. ಸರೀರಿ ಆ ಕಡೆ!"

ವ್ಯಾನು ಕೇರಿಯೊಳಗೆ ಬಂತು. ಅವಳ ಹೊಸ್ತಿಲ ಮುಂದೆಯೇ ನಿಂತಿತು. ಪ್ರಶಾಂತ ಇಳಿದ. ಅವನ ಹಣೆ ಬೆವೆತಿತ್ತು. ಪಾರ್ಸಲನ್ನು ಹೇಮಾಳ ಎರಡೂ ಕೈಗೆ ಕೊಟ್ಟ. ಬೆರಳಿಗೆ ಬೆರಳು ತಾಗಿತು. ಯಾರೂ ಹಿಂದೆ ಸರಿಯಲಿಲ್ಲ.

"ಒಳಗ ಬರ್ರಿ, ಕುಂದರ್ರಿ. ನಂಬರ್ ಹೇಳ್ತೇನಿ."

ಅವ್ವ ಚಹಾ ತಂದಳು. ಹೇಮಾ ಓಟಿಪಿಯನ್ನು ಒಂದೊಂದೇ ಅಂಕಿಯಾಗಿ, ಮಗುವಿಗೆ ತುತ್ತು ಕೊಡುವಷ್ಟು ನಿಧಾನವಾಗಿ ಹೇಳಿದಳು. ಅವನು ಒತ್ತಿದ. ಅವಳು ಬಗ್ಗಿ ಮ್ಯಾಪ್ ನೋಡಿದಳು. ಕೆಂಪು ಗುರುತು ಇನ್ನೂ ಗಟಾರದ ಮೇಲೇ ಇತ್ತು!

"ಇದೇನ್ರಿ?"

"ಒಂದ ಸಲಕ್ಕ ಸರಿಯಂಗಿಲ್ರಿ ಅದು. ಭಾಳ ಸಲ ಬರಬೇಕಾಕ್ಕೈತಿ."

"ನಿಮ್ಮ ಮನ್ಯಾಗ ಏನಂತಾರ?" ಅವಳ ದನಿ ಸಣ್ಣದಾಯಿತು.

"ಹೇಳೇನಿ. ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ಬ್ಯಾಡ ನನಗ ಅಂತ ಹೇಳೇನಿ. ಅವ್ವ ಮಾತು ಬಿಟ್ಟಾಳ. ಮಾತಾಡಿಸೋತನಕಾ ನಾ ಬಿಡಂಗಿಲ್ಲ." ಅವನು ಬಟ್ಟಲು ಕೆಳಗಿಟ್ಟ. "ನಿಮ್ಮನ್ನ ಕೇಳದನ ಹೇಳಿದ್ನಿ. ಅದಕ್ಕೂ ಒಮ್ಮೆ ಥೂ ಅನ್ನೋದಿದ್ರ ಅಂದುಬಿಡ್ರಿ."

ಹೇಮಾ ಅನ್ನಲಿಲ್ಲ. ತಲೆ ಬಗ್ಗಿಸಿ ನಕ್ಕಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ಗುರುತು ಸರಿಯೋತನಕಾ ಬರ್ರಿ."

"ಸರಿದ ಮ್ಯಾಲ?"

"ಆವಾಗ ಪಾರ್ಸಲ್ ಇಲ್ಲದ ಬರ್ರಿ. ನಾ ಮನ್ಯಾಗ ಇರ್ತೇನಿ."