ಒಂಬತ್ತು ನಿಮಿಷ, ಮೂವತ್ತೆಂಟು ಬಕೆಟ್

ಪೊಲೀಸ್ ಸಾರ್ಜೆಂಟ್ ನೊಹೆಲಿಯಾ ಪೊಸಾಸ್ ಎಲ್ ಸಪೋತೆ ಹಳ್ಳಿಗೆ ಬಂದಾಗ ನಲ್ಲಿಯ ಸುತ್ತ ಜನ ಸೇರಿದ್ದರು. ಮೇಲಿನ ಕೇರಿಯ ಹದಿನಾಲ್ಕು ಮಕ್ಕಳು ಭೇದಿಯಾಗಿ ಆಸ್ಪತ್ರೆ ಸೇರಿದ್ದವು.

ನಲ್ಲಿಯ ಪಕ್ಕ ಕ್ಲೋರಿನ್‌ನ ನೀಲಿ ಡ್ರಮ್ ಇತ್ತು. ಅದರ ತಿರುಪನ್ನು ಒಮ್ಮೆ ತಿರುಗಿಸಿದರೆ ಒಂದು ಬಕೆಟ್ಟಿಗೆ ಸಾಕಾಗುವಷ್ಟು ಬೀಳುತ್ತದೆ. ಪ್ರತಿ ಸಲ ತಿರುಗಿದ್ದೂ ರಾಜಧಾನಿಯ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಸಂಜೆ ಅದು ಎಲ್ಲರ ಫೋನಿಗೂ ಕ್ಲೋರಿನ್ ಬಳಸಿ ಎಂದು ಸಂದೇಶ ಕಳಿಸುತ್ತದೆ. ಒಬ್ಬರಿಗೆ ಹೊಗಳಿಕೆ, ಇನ್ನೊಬ್ಬರಿಗೆ ಎಚ್ಚರಿಕೆ. ಯಾರಿಗೆ ಯಾವ ಮಾತು ನಾಟುತ್ತದೆ ಎಂದು ತಾನೇ ಕಲಿಯುತ್ತದೆ.

"ಕಳ್ಳ ಇವನೇ," ಎಂದ ಕ್ಲೋರಿನ್ ಯೋಜನೆಯ ಇಂಜಿನಿಯರ್ ಒಸೆಗೇರಾ, ನೀರುಗಂಟಿ ಪ್ಲಾಸಿದೊನನ್ನು ತೋರಿಸಿ. "ತಿರುಪು ದಿನಾ ಅರವತ್ತು ಸಲ ತಿರುಗಿದೆ. ಆದ್ರೆ ಮೇಲಿನ ಕೇರಿ ಮನೆಗಳ ನೀರಲ್ಲಿ ಕ್ಲೋರಿನ್ನೇ ಇಲ್ಲ. ಡ್ರಮ್ಮಿಗೆ ಬರೀ ನೀರು ತುಂಬಿ ಕ್ಲೋರಿನ್ ಮಾರಿದಾನೆ. ಇವನ ಮನೇಲಿ ಎರಡು ಕ್ಯಾನ್ ಸಿಕ್ಕಿವೆ."

"ಅದು ಟ್ಯಾಂಕ್ ತೊಳಿಯೋಕೆ, ಸಾರ್ಜೆಂಟಮ್ಮ," ಎಂದ ಪ್ಲಾಸಿದೊ. "ಇಪ್ಪತ್ತು ವರ್ಷದಿಂದ ಈ ಊರಿಗೆ ನೀರು ಬಿಡ್ತಿದೀನಿ. ಮೇಲಿನ ಕೇರಿಲಿರೋ ನನ್ನ ಮೊಮ್ಮಗಳೂ ಆಸ್ಪತ್ರೆಲಿದಾಳೆ."

ಮಧ್ಯಾಹ್ನ ನೀರಿನ ಸಮಿತಿ ಸೇರಲಿತ್ತು. ಅವನ ಕೆಲಸ ಹೋಗುವುದು ಖಚಿತ. ಆಮೇಲೆ ಜೈಲು.

ನೊಹೆಲಿಯಾ ತಿರುಪು ತಿರುಗಿಸಿ ಅಂಗೈಗೆ ಬಿಟ್ಟುಕೊಂಡಳು. ಮೂಗು ಸುಟ್ಟಂತಾಯಿತು.

"ಬರೀ ನೀರಾ ಇದು? ಮೂಸಿ ನೋಡಿ ಇಂಜಿನಿಯರ್ರೇ. ಡ್ರಮ್ಮಿನ ಸೀಲ್ ನೀವೇ ಹಾಕಿದ್ದಲ್ವಾ, ಹತ್ತು ದಿನದ ಹಿಂದೆ? ಅದಿನ್ನೂ ಒಡೆದಿಲ್ಲ."

ಒಸೆಗೇರಾ ಮೂಸಿ ಕೆಮ್ಮಿದ.

ಅವಳು ಕೆಳಗೆ ನೋಡಿದಳು. ಕಲ್ಲಿನ ತುಂಬ ಪಾಚಿ. ತಿರುಪಿನ ಕೆಳಗೆ ಮಾತ್ರ ಕಲ್ಲು ಬೆಳ್ಳಗಿತ್ತು.

* * *

ಪ್ಲಾಸಿದೊನ ಅಂಗಳದಲ್ಲಿ ಕಾಫಿ ಕುಡಿಯುತ್ತ ಒಸೆಗೇರಾ ಲ್ಯಾಪ್‌ಟಾಪ್ ತೆರೆದ. ದಿನವೂ ಬೆಳಗಿನ ಜಾವ ಐದಕ್ಕೆ, ಒಂಬತ್ತು ನಿಮಿಷದಲ್ಲಿ ತಿರುಪು ಮೂವತ್ತೆಂಟು ಸಲ ತಿರುಗಿತ್ತು.

"ಒಂದು ಬಕೆಟ್ ತುಂಬೋಕೆ ಎಷ್ಟೊತ್ತು ಬೇಕು?" ಎಂದಳು ನೊಹೆಲಿಯಾ.

"ಎರಡು ನಿಮಿಷ," ಎಂದ ಪ್ಲಾಸಿದೊ.

ಒಸೆಗೇರಾ ಬೆರಳು ಮಡಚಿ ಎಣಿಸಿದ. "ಒಂಬತ್ತು ನಿಮಿಷಕ್ಕೆ ಐದು ಬಕೆಟ್ಟೂ ತುಂಬಲ್ಲ."

ಅಲ್ಲಿಂದ ಕಾಣುತ್ತಿದ್ದ, ನಲ್ಲಿಯ ಎದುರಿನ ಮನೆ ನೀರಿನ ಸಮಿತಿಯ ಅಧ್ಯಕ್ಷೆ ತಿಬುರ್ಸಿಯಾಳದು. ಬೇಲಿಯ ಮೇಲೆ ಎರಡು ಕಪ್ಪು ಲಂಗ ಒಣಗುತ್ತಿದ್ದವು. ಆಕೆ ಬೂದು ಬಣ್ಣದ ಲಂಗ ಉಟ್ಟು ಅಂಗಳ ಗುಡಿಸುತ್ತಿದ್ದಳು.

"ಗಂಡ ಸತ್ತು ನಾಲ್ಕೇ ತಿಂಗಳು," ಎಂದ ಪ್ಲಾಸಿದೊ. "ವರ್ಷ ತುಂಬೋವರೆಗೂ ಸೂತಕದ ಕಪ್ಪು ಬಟ್ಟೆ ಬಿಡಬಾರದಿತ್ತು. ಹೊಸ ಗಂಡು ಸಿಕ್ಕಿರಬೇಕು ಅಂತ ಊರೇ ಆಡ್ಕೋತಿದೆ."

"ನೀವೂ ಆಡ್ಕೋತೀರಾ?"

"ಛೆ, ನಾನು ಬರೀ ಕೇಳಿಸ್ಕೋತೀನಿ."

ನೊಹೆಲಿಯಾ ಲೋಟ ಇಟ್ಟು ಬೇಲಿಯತ್ತ ನಡೆದಳು.

* * *

"ಪ್ಲಾಸಿದೊನ್ನ ಕೆಲಸದಿಂದ ತೆಗೀಬೇಕು ಅನ್ನೋರು ಕೈ ಎತ್ತಿ," ಎಂದಳು ತಿಬುರ್ಸಿಯಾ ಮಧ್ಯಾಹ್ನದ ಸಭೆಯಲ್ಲಿ.

"ತಡೀರಿ, ತಿಬುರ್ಸಿಯಾ ಅವರೇ," ಎಂದಳು ನೊಹೆಲಿಯಾ. "ಕಪ್ಪು ಯಾಕೆ ಬಿಟ್ರಿ?"

"ಅದು ನನ್ನ ಮನೆ ವಿಷಯ."

"ಎರಡೂ ಲಂಗದ ಅಂಚಿಗೆ ಕೆಂಚು ಚುಕ್ಕೆ. ಕ್ಲೋರಿನ್ ಹಾರಿದ್ರೆ ಕಪ್ಪು ಬಟ್ಟೆ ಹಾಗಾಗುತ್ತೆ. ಬಕೆಟ್ ಇಟ್ಟು ತಿರುಗಿಸಿದ್ರೆ ಹಾರಲ್ಲ. ಕಲ್ಲಿಗೆ ಬಿಟ್ರೆ ಹಾರುತ್ತೆ. ಕತ್ತಲಲ್ಲಿ ನಿಮಗೆ ಕಾಣಲಿಲ್ಲ."

ತಿಬುರ್ಸಿಯಾ ಬೆಂಚಿನ ಮೇಲೆ ಕೂತಳು.

"ಹತ್ತೊಂಬತ್ತು ಹಳ್ಳಿಲಿ ನಿಮ್ಮದೇ ಕೊನೆ ಅಂತ ದಿನಾ ಸಂಜೆ ಫೋನ್ ಚುಚ್ತಿತ್ತು. ಮೇಲಿನ ಕೇರಿಯೋರ ಕಾಲು ಹಿಡ್ಕೊಂಡೆ. ಕ್ಲೋರಿನ್ ಹಾಕಿದ್ರೆ ಕಾಫಿ ಕೆಡುತ್ತೆ ಅಂದ್ರು. ಒಂದು ದಿನ ನಾನೇ ಹತ್ತು ಸಲ ತಿರುಗಿಸಿದೆ. ಆ ಸಂಜೆ ಚುಚ್ಚೋದು ಕಮ್ಮಿ ಆಯ್ತು. ಮತ್ತೆ ಜಾಸ್ತಿ ಆದಾಗೆಲ್ಲ ಇನ್ನಷ್ಟು ತಿರುಗಿಸಿದೆ, ಮೂವತ್ತೆಂಟಾಯ್ತು."

"ಅಂಕಿ ಚೆನ್ನಾಗಿದೆ ಅಂತ ಆರೋಗ್ಯ ಕೇಂದ್ರದ ನರ್ಸ್ ಆ ಕೇರಿಗೆ ಹೋಗೋದನ್ನೇ ಬಿಟ್ರು," ಎಂದಳು ನೊಹೆಲಿಯಾ. "ಮಕ್ಕಳು ಕಾಯಿಲೆ ಬಿದ್ರು. ಆಗಲೂ ಬಾಯಿ ಬಿಡದೆ ಇವರನ್ನ ಜೈಲಿಗೆ ಕಳಿಸೋಕೆ ಹೊರಟ್ರಿ."

ತಿಬುರ್ಸಿಯಾ ಪ್ಲಾಸಿದೊನ ಮುಖ ನೋಡಲಿಲ್ಲ. ನೊಹೆಲಿಯಾ ಒಸೆಗೇರಾನ ಕಡೆ ತಿರುಗಿದಳು.

"ಇಂಜಿನಿಯರ್ರೇ, ನಾಚಿಸಿದ್ರೆ ಇವರು ತಿರುಗಿಸ್ತಾರೆ ಅಂತ ನಿಮ್ಮ ಕಂಪ್ಯೂಟರ್ ಕಲೀತು. ಮತ್ತೂ ನಾಚಿಸ್ತು. ಬರೀ ತಿರುಗಿದ್ದನ್ನ ಎಣಿಸೋದು ಹೇಳ್ಕೊಟ್ರಿ. ಬಕೆಟ್ ಇತ್ತಾ ಅಂತ ನೋಡೋರು ಯಾರೂ ಇರಲಿಲ್ಲ."

ಒಸೆಗೇರಾ ಪ್ಲಾಸಿದೊನ ಕೈ ಹಿಡಿದ. "ತಪ್ಪಾಯ್ತು, ಪ್ಲಾಸಿದೊ ಅವರೇ. ನಿಮ್ಮನೆ ಕಾಫಿ ಹೇಗೆ ಕೆಡಲ್ಲ?"

"ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಡ್ತೀವಿ. ಆಮೇಲೆ ಕಾಫಿಗೆ ಮುಚ್ಚಳ ತೆಗೆದು ಕುದಿಸ್ತೀವಿ. ಮಗಳಿಗೂ ಹೇಳಿದ್ದೆ. ಅಪ್ಪನ ಮಾತು ಯಾರು ಕೇಳ್ತಾರೆ?"

ಆ ಸಂಜೆ ಫೋನುಗಳಿಗೆ ಬಂದ ಸಂದೇಶದಲ್ಲಿ ಹಳ್ಳಿಯ ಸ್ಥಾನ ಇರಲಿಲ್ಲ. ಕಾಫಿ ಮಾಡುವ ಬಗೆ ಇತ್ತು. ಮರುದಿನ ತಿರುಪು ತಿರುಗಿದ್ದು ಇಪ್ಪತ್ತೊಂಬತ್ತು ಸಲ. ನಲ್ಲಿಯ ಪಕ್ಕ ನಿಂತು ಪ್ಲಾಸಿದೊ ಬಕೆಟ್‌ಗಳನ್ನೂ ಎಣಿಸಿದ. ಇಪ್ಪತ್ತೊಂಬತ್ತು.